ಡಿ.ಜೆ. ಹುಡುಗರ ಅನ್ನವೂ ಕಣಿವೆಯ ನಿದ್ದೆಯೂ

ಏಪ್ರಿಲ್ ತಿಂಗಳ ಸಂಜೆ ಮಲೆನಾಡಿನ ಯಾವುದೇ ತಿರುವು ರಸ್ತೆಯಲ್ಲಿ ನಿಂತರೂ ಆ ಗಾಡಿ ಎದುರಾಗುತ್ತದೆ. ಹಗಲಿನಲ್ಲಿ ಅಡಿಕೆ ಮೂಟೆ, ಶುಂಠಿ ಚೀಲ ಸಾಗಿಸುವ ಪಿಕಪ್ ವಾಹನವೇ ಅದು. ಸಂಜೆಯ ಹೊತ್ತಿಗೆ ಅದರ ಮೇಲೆ ಕಪ್ಪು ಪೆಟ್ಟಿಗೆಗಳು ಏರಿರುತ್ತವೆ. ಹಿಂದೆ ಜನರೇಟರ್, ಪಕ್ಕದಲ್ಲಿ ಬಣ್ಣದ ದೀಪಗಳನ್ನು ಬಿಗಿದ ಕಬ್ಬಿಣದ ಚೌಕಟ್ಟು, ವೈರಿನ ಸುರುಳಿಗಳ ಮೇಲೆ ಕುಳಿತ ಇಬ್ಬರು ಮೂವರು ಹುಡುಗರು. ಮದುವೆ ಮನೆಯ ಅಂಗಳದಲ್ಲಿ ಗಾಡಿ ನಿಂತು ಒಂದೆರಡು ತಾಸಿನೊಳಗೆ ಮದರಂಗಿಯ ರಾತ್ರಿ ಆರಂಭವಾಗುತ್ತದೆ. ಕಣಿವೆಯ ಆಚೆ ಬದಿಯ ಮನೆಯಲ್ಲಿ ಮಲಗಿದವರಿಗೆ ಹಾಡು ಯಾವುದೆಂದು ತಿಳಿಯುವುದಿಲ್ಲ. ಎದೆಗೆ ಗುದ್ದುವ ‘ಧಬ್ ಧಬ್’ ಮಾತ್ರ ತಿಳಿಯುತ್ತದೆ.

ಈ ಗಾಡಿಯನ್ನು ಕುರಿತು ಊರುಗಳಲ್ಲಿ ಎರಡು ಬಗೆಯ ಮಾತುಗಳಿವೆ. ಸಂಸ್ಕೃತಿ ಕೆಟ್ಟಿತೆಂದು ಹಿರಿಯರು ಹಲುಬುತ್ತಾರೆ. ವರ್ಷಕ್ಕೊಮ್ಮೆ ಕುಣಿಯುವುದನ್ನೂ ಸಹಿಸದವರು ಎಂದು ಕಿರಿಯರು ಸಿಡುಕುತ್ತಾರೆ. ಈ ಜಗಳದಲ್ಲಿ ಎರಡು ಸಂಗತಿಗಳು ಮರೆಯಾಗಿವೆ. ಗಾಡಿಯ ಮೇಲೆ ಕುಳಿತವರು ಅದೇ ಊರುಗಳ ಮಕ್ಕಳು, ಅದು ಅವರ ಅನ್ನದ ದಾರಿ ಎಂಬುದು ಮೊದಲನೆಯದು. ಬಯಲುಸೀಮೆಯ ಪಟ್ಟಣದಲ್ಲಿ ಸದ್ದು ವರ್ತಿಸುವಂತೆ ಗುಡ್ಡಗಾಡಿನಲ್ಲಿ ಅದು ವರ್ತಿಸುವುದಿಲ್ಲ ಎಂಬುದು ಎರಡನೆಯದು.

ಮಲೆನಾಡಿನ ಮದುವೆಗೆ ಸದ್ದು ಹೊಸದೇನಲ್ಲ. ವಾಲಗವಿಲ್ಲದೆ ಧಾರೆ ನಡೆಯುತ್ತಿರಲಿಲ್ಲ. ಅನಂತರ ಬಂದ ಮೈಕ್‌ಸೆಟ್ಟಿನ ತಗಡಿನ ಹಾರ್ನು ಮರವೇರಿ ಕುಳಿತು ಬೆಳಗಿನ ಜಾವದಿಂದಲೇ ಮದುವೆಯ ಸುದ್ದಿಯನ್ನು ಊರಿಗೆಲ್ಲ ಸಾರುತ್ತಿತ್ತು. ಆದರೆ ಆ ಹಾರ್ನು ಹೊರಡಿಸುತ್ತಿದ್ದುದು ಮುಖ್ಯವಾಗಿ ನಡುವಣ ಸ್ವರಗಳನ್ನು; ತಗ್ಗಿನ ಸ್ವರಗಳು ಅದರ ಬಾಯಿಂದ ಹೊರಡುತ್ತಲೇ ಇರಲಿಲ್ಲ. ಇಂದಿನ ಡಿ.ಜೆ. ಸೆಟ್ಟಿನ ಬಲವೆಲ್ಲ ಇರುವುದು ಆ ತಗ್ಗಿನ ಸ್ವರಗಳಲ್ಲಿ, ಅಂದರೆ ಹುಡುಗರು ‘ಬೇಸ್’ ಎಂದು ಕರೆಯುವ ಭಾಗದಲ್ಲಿ.

ಸದ್ದಿನ ಗಣಿತವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದು. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಸ್ಪೀಕರಿನಿಂದ 10 ಮೀಟರ್ ದೂರದಲ್ಲಿ 100 ಡೆಸಿಬೆಲ್ ಇದ್ದರೆ 20 ಮೀಟರಿನಲ್ಲಿ 94, 160 ಮೀಟರಿನಲ್ಲಿ 76, 640 ಮೀಟರಿನಲ್ಲಿ 64. ಒಂದು ಕಿಲೋಮೀಟರಿಗೂ ಮೀರಿದ ದೂರದಲ್ಲಿ, ಈ ಲೆಕ್ಕದಂತೆ, ಇನ್ನೂ 58 ಡೆಸಿಬೆಲ್ ಉಳಿಯುತ್ತದೆ. ಮರಗಿಡಗಳು ಇದನ್ನು ತಡೆಯುವುದಿಲ್ಲವೇ ಎಂದು ಕೇಳಬಹುದು. ತಡೆಯುತ್ತವೆ, ಆದರೆ ಏರು ಸ್ವರಗಳನ್ನು ಮಾತ್ರ. 3,000 ಹರ್ಟ್ಸ್ ಸ್ವರದ ಅಲೆಯ ಉದ್ದ ಅರ್ಧ ಗೇಣಿನಷ್ಟು. ಎಲೆ, ಕೊಂಬೆಗಳಿಗೆ ತಾಗಿ ಅದು ಚದುರಿ ಹೋಗುತ್ತದೆ. 50 ಹರ್ಟ್ಸ್ ಬೇಸ್ ಅಲೆಯ ಉದ್ದ ಸುಮಾರು 7 ಮೀಟರ್. ಅಡಿಕೆ ತೋಟವಾಗಲಿ, ಮಣ್ಣಿನ ಗೋಡೆಯಾಗಲಿ, ಹಂಚಿನ ಮಾಡಾಗಲಿ ಅದಕ್ಕೆ ಅಡ್ಡಿಯೇ ಅಲ್ಲ. ಆಚೆ ಬದಿಯವರಿಗೆ ಹಾಡು ಕೇಳದೆ ಗುದ್ದು ಮಾತ್ರ ಕೇಳುವುದು ಈ ಕಾರಣದಿಂದ.

ಗುಡ್ಡಗಾಡಿಗೇ ವಿಶಿಷ್ಟವಾದ ಇನ್ನೊಂದು ಕಾರಣವೂ ಉಂಟು. ಮೋಡವಿಲ್ಲದ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಇಳಿಜಾರಿನಿಂದ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರವೊಂದು ಕಂಬಳಿಯಂತೆ ಹರಡಿಕೊಳ್ಳುತ್ತದೆ. ಬೆಳಗಿನ ಮಂಜು ಕಣಿವೆಯಲ್ಲಿ ಕಟ್ಟಿ ನಿಲ್ಲುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮೇಲಕ್ಕೆ ಹೋಗಿ ಕರಗಬೇಕಾದ ಸದ್ದು ಈ ಪದರದಲ್ಲಿ ಬಾಗಿ ಮತ್ತೆ ನೆಲದತ್ತ ಬರುತ್ತದೆ. ಹಗಲಿನಲ್ಲಿ ಕೇಳದ ದೂರಕ್ಕೆ ರಾತ್ರಿ ಸದ್ದು ಮುಟ್ಟುವುದು ಹೀಗೆ.

ಕಾನೂನು ಇಲ್ಲವೆಂದಲ್ಲ. ಪರಿಸರ (ಸಂರಕ್ಷಣೆ) ಕಾಯ್ದೆ, 1986ರ ಅಡಿಯಲ್ಲಿ ಶಬ್ದ ಮಾಲಿನ್ಯ ನಿಯಮಗಳು 2000ದಲ್ಲಿ ಜಾರಿಗೆ ಬಂದವು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ 10ರಿಂದ ಬೆಳಗ್ಗೆ 6ರವರೆಗೆ. ಆ ಅವಧಿಯಲ್ಲಿ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ; ಹಗಲಿನಲ್ಲಿ ಬಳಸಲೂ ಲಿಖಿತ ಅನುಮತಿ ಬೇಕು. ಖಾಸಗಿ ಜಾಗದ ಸೌಂಡ್ ಸಿಸ್ಟಮ್ಮಿನ ಸದ್ದು ಆ ಜಾಗದ ಗಡಿಯಲ್ಲಿ ನಿಗದಿತ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರಕೂಡದು. ಸುಪ್ರೀಂ ಕೋರ್ಟ್ 2005ರ ಜುಲೈ ತೀರ್ಪಿನಲ್ಲಿ ಈ ನಿರ್ಬಂಧಗಳನ್ನು ದೃಢಪಡಿಸಿತು. ವರ್ಷದಲ್ಲಿ ಹೆಚ್ಚೆಂದರೆ 15 ದಿನ, ಸಾಂಸ್ಕೃತಿಕ ಮತ್ತು ಧಾರ್ಮಿಕ ಉತ್ಸವಗಳಿಗಾಗಿ ಮಧ್ಯರಾತ್ರಿಯವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ಪ್ರತಿಯೊಂದು ಮದುವೆ ಮನೆಯೂ ತನ್ನದೆಂದು ಹೇಳಿಕೊಳ್ಳುವ ವಿನಾಯಿತಿ ಅದಲ್ಲ.

ಈ ಅಳತೆಯಲ್ಲಿ ಒಂದು ಕೊರತೆಯೂ ಇದೆ. ಕಾನೂನು ಬಳಸುವ ‘ಎ’ ತೂಕದ ಡೆಸಿಬೆಲ್ ಮಾನವನ ಕಿವಿಯ ಸ್ವಭಾವಕ್ಕೆ ಹೊಂದಿಸಿದ ಮಾಪನ. ಅದು 63 ಹರ್ಟ್ಸ್‌ನ ಬೇಸ್ ಸದ್ದನ್ನು ಸುಮಾರು 26 ಡೆಸಿಬೆಲ್‌ನಷ್ಟು ಕಡಿಮೆ ಮಾಡಿ ತೋರಿಸುತ್ತದೆ. ಮಾಪಕದಲ್ಲಿ ಅಂಕಿ ಮಿತಿಯೊಳಗಿದ್ದರೂ ಕಿಟಕಿಯ ಗಾಜು ಅದುರುತ್ತಿರುವುದು ಸಾಧ್ಯ. ಆದುದರಿಂದ ಪೊಲೀಸರ ಯಂತ್ರವೊಂದನ್ನೇ ನಂಬಿ ಕುಳಿತರೆ ಮಲೆನಾಡಿನ ಸಮಸ್ಯೆ ತೀರದು.

ಇನ್ನು ಗಾಡಿಯ ಮೇಲಿನ ಹುಡುಗರ ಕಡೆ ನೋಡಬೇಕು. ಎರಡು ಎಕರೆಗಿಂತ ಕಡಿಮೆ ತೋಟ, ಎಲೆಚುಕ್ಕೆ ರೋಗದಿಂದ ಸೊರಗಿದ ಅಡಿಕೆ, ಪದವಿ ಮುಗಿಸಿದರೂ ಸಿಗದ ನೌಕರಿ. ಈ ಸ್ಥಿತಿಯಲ್ಲಿ ಬೆಂಗಳೂರಿಗೆ ಹೋಗದೆ ಊರಲ್ಲೇ ಉಳಿಯಬೇಕೆನ್ನುವ ಯುವಕನಿಗೆ ಕಾಣುವ ಕೆಲವೇ ಕಸುಬುಗಳಲ್ಲಿ ಇದೂ ಒಂದು. ಮಿಕ್ಸರ್, ಆಂಪ್ಲಿಫೈಯರ್, ಸ್ಪೀಕರ್, ಜನರೇಟರ್, ದೀಪ ಎಲ್ಲವೂ ಸಾಲದಿಂದ ಬರುತ್ತವೆ. ಸಾಲದ ಕಂತು ಹನ್ನೆರಡು ತಿಂಗಳಿಗೂ ಉಂಟು. ದುಡಿಮೆ ಅರ್ಧ ವರ್ಷಕ್ಕೆ ಮಾತ್ರ. ಧನುರ್ಮಾಸದಲ್ಲಿ ಲಗ್ನವಿಲ್ಲ, ಆಷಾಢದಲ್ಲಿ ಲಗ್ನವಿಲ್ಲ, ಮುಂಗಾರು ಹಿಡಿಯಿತೆಂದರೆ ಅಂಗಳದಲ್ಲಿ ಕುಣಿತವೂ ಇಲ್ಲ. ಸಿಕ್ಕ ರಾತ್ರಿಗಳಲ್ಲಿಯೇ ವರ್ಷದ ಲೆಕ್ಕ ಸರಿದೂಗಬೇಕು.

ಗಿರಾಕಿಯ ಅಳತೆಗೋಲಾದರೂ ಒಂದೇ. ಹಾಡಿನ ಆಯ್ಕೆ, ಕುಣಿಯುವವರ ಮನಸ್ಸನ್ನು ಓದುವ ಜಾಣ್ಮೆ, ಒಂದು ಹಾಡಿನಿಂದ ಇನ್ನೊಂದಕ್ಕೆ ತಾಳ ತಪ್ಪದೆ ದಾಟುವ ಕೈಚಳಕ ಇವು ಈ ಕಸುಬಿನ ನಿಜವಾದ ವಿದ್ಯೆ. ಮದುವೆ ಮನೆಯಲ್ಲಿ ಕೇಳುವ ಮಾತು ಮಾತ್ರ ‘ಇನ್ನೂ ಸೌಂಡ್ ಕೊಡೋ’ ಎಂಬುದೇ. ಪಕ್ಕದೂರಿನವನು ನಾಲ್ಕು ಬೇಸ್ ತಂದರೆ ಈತ ಆರು ತರಬೇಕು. ಆರಕ್ಕಾಗಿ ಮತ್ತೆ ಸಾಲ. ಹತ್ತು ಗಂಟೆಗೆ ನಿಲ್ಲಿಸಿದರೆ ಮನೆಯವರು ಬಾಕಿ ಹಣ ಹಿಡಿಯುತ್ತಾರೆ. ನಿಲ್ಲಿಸದಿದ್ದರೆ ಜಪ್ತಿಯಾಗುವುದು ಮನೆಯವರ ಚಪ್ಪರವಲ್ಲ, ಹುಡುಗನ ಸೆಟ್ಟು. ತಪ್ಪಿಗೆ ಪಾಲುದಾರರು ಹಲವರು, ದಂಡ ತೆರುವವನು ಒಬ್ಬನೇ.

ಹಣಕ್ಕಿಂತ ದೊಡ್ಡ ನಷ್ಟವೊಂದಿದೆ. ದಿನಕ್ಕೆ 8 ತಾಸು ಕೇಳಲು 85 ಡೆಸಿಬೆಲ್ ಸುರಕ್ಷಿತ ಮಿತಿಯೆಂದು ವೃತ್ತಿ ಆರೋಗ್ಯ ತಜ್ಞರು ಹೇಳುತ್ತಾರೆ. ಅದಕ್ಕೆ ಮೇಲೆ ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ: 88ಕ್ಕೆ 4 ತಾಸು, 94ಕ್ಕೆ 1 ತಾಸು, 100ಕ್ಕೆ ಕೇವಲ 15 ನಿಮಿಷ. ಸ್ಪೀಕರುಗಳ ಪಕ್ಕದಲ್ಲಿ ನಾಲ್ಕೈದು ತಾಸು ನಿಲ್ಲುವ ಹುಡುಗ ಒಂದೇ ರಾತ್ರಿಯಲ್ಲಿ ಹಲವು ದಿನಗಳ ಮಿತಿಯನ್ನು ಮುಗಿಸಿರುತ್ತಾನೆ. ಮರುದಿನ ಕಿವಿಯೊಳಗೆ ಗುಂಯ್‌ಗುಡುವ ಸದ್ದು ಅದರ ಮೊದಲ ಎಚ್ಚರಿಕೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ತೋಟಕ್ಕೆ ಔಷಧಿ ಹೊಡೆಯುವಾಗ ಮುಖಕ್ಕೆ ಬಟ್ಟೆ ಕಟ್ಟದೆ ನಿಂತ ತಂದೆಯರ ಮಕ್ಕಳೇ ಇಂದು ಕಿವಿಗೆ ಏನನ್ನೂ ಇಡದೆ ನಿಲ್ಲುತ್ತಿದ್ದಾರೆ.

ಮನುಷ್ಯರ ಜೊತೆಗೆ ಉಳಿದ ಜೀವಿಗಳ ಮಾತೂ ಬರಬೇಕು. ಒಂದು ರಾತ್ರಿಯ ಸದ್ದಿನಿಂದ ಕಾಡು ಹಾಳಾಗದು. ಹಾಗೆ ಹೇಳುವುದು ಉತ್ಪ್ರೇಕ್ಷೆ. ಆದರೆ ಒಂದೇ ಕಣಿವೆಯಲ್ಲಿ ಲಗ್ನಗಳ ಕಾಲವಿಡೀ ಇದು ಮರುಕಳಿಸಿದಾಗ ಲೆಕ್ಕ ಬೇರೆಯಾಗುತ್ತದೆ. ಗದ್ದೆಯ ಇಲಿಗಳನ್ನು ಹಿಡಿಯುವ ಕಣಜ ಗೂಬೆ ಕಗ್ಗತ್ತಲಿನಲ್ಲಿ ಬೇಟೆಯಾಡುವುದು ಕಿವಿಯ ಬಲದಿಂದ. ನೆಲದ ಮೇಲೆ ಕೀಟಗಳು ಹರಿದಾಡುವ ಸದ್ದನ್ನು ಕೇಳಿ ಬೇಟೆಯಾಡುವ ಬಾವಲಿಗಳು ಗದ್ದಲವಿರುವ ಜಾಗವನ್ನು ತೊರೆಯುತ್ತವೆಂದು ಜರ್ಮನಿಯಲ್ಲಿ 2008ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಬೆದರಿದ ಹಸು ಮರುದಿನ ಹಾಲನ್ನು ಸಲೀಸಾಗಿ ಇಳಿಸುವುದಿಲ್ಲವೆಂಬುದು ಕೊಟ್ಟಿಗೆಯಿರುವ ಪ್ರತಿ ಮನೆಗೂ ತಿಳಿದ ವಿಷಯ.

ದೀಪಗಳ ಕಥೆಯೂ ಇದೆ. ಮೇ ತಿಂಗಳ ಕೊನೆ, ಜೂನ್ ಆರಂಭದ ಮೊದಲ ಮಳೆಗಳೊಂದಿಗೆ ಮಲೆನಾಡಿನ ಮರಗಳಲ್ಲಿ ಮಿಂಚುಹುಳುಗಳು ತುಂಬಿಕೊಳ್ಳುತ್ತವೆ. ಗಂಡು ಹೆಣ್ಣು ಒಂದನ್ನೊಂದು ಗುರುತಿಸುವುದು ಆ ಮಿಣುಕಿನ ಸಂಕೇತದಿಂದಲೇ. ಲಗ್ನಗಳ ಕೊನೆಯ ವಾರಗಳೂ ಅದೇ ಹೊತ್ತಿಗೆ ಬರುತ್ತವೆ. ಕಾಡಂಚಿಗೆ ತಿರುಗಿಸಿದ ಪ್ರಖರ ದೀಪ, ಲೇಸರ್ ಕಿರಣಗಳ ನಡುವೆ ಹುಳುವಿನ ಸಂಕೇತ ಕಾಣದೆ ಹೋಗುತ್ತದೆ, ಕೂಡುವಿಕೆ ತಪ್ಪುತ್ತದೆ. ಮಿಂಚುಹುಳುವಿನ ಮರಿಗಳು ಬಸವನಹುಳು, ಸಿಂಬಳದ ಹುಳುಗಳನ್ನು ತಿಂದು ಬೆಳೆಯುತ್ತವೆ. ತರಕಾರಿ ಮಡಿ, ಕಾಳುಮೆಣಸಿನ ಬುಡದಲ್ಲಿ ಇವುಗಳ ಕಾಟ ಕಂಡ ರೈತ ಮಿಂಚುಹುಳುವನ್ನು ಬರೀ ಚೆಲುವಿನ ವಸ್ತುವೆಂದು ಬಗೆಯಲಾರ.

ಹಾಗಾದರೆ ಡಿ.ಜೆ.ಯನ್ನು ನಿಷೇಧಿಸಬೇಕೇ? ಗಣೇಶ ವಿಸರ್ಜನೆಯ ದಿನಗಳಲ್ಲಿ ರಾಜ್ಯದ ಕೆಲವು ಜಿಲ್ಲಾಡಳಿತಗಳು ಅಂಥ ಆದೇಶ ಹೊರಡಿಸಿದ್ದುಂಟು. ಮದುವೆಗಳ ವಿಷಯದಲ್ಲಿ ನಿಷೇಧವೊಂದೇ ದಾರಿಯಾದರೆ ಸಾಲ ಮಾಡಿದ ಹುಡುಗರು ಬೀದಿಗೆ ಬೀಳುತ್ತಾರೆ, ಗಾಡಿಗಳು ಕದ್ದುಮುಚ್ಚಿ ಓಡಾಡುತ್ತವೆ. ಕಸುಬನ್ನು ಉಳಿಸಿ ಕೇಡನ್ನು ಕಳೆಯುವ ದಾರಿಯೇ ಊರಿಗೆ ಒಪ್ಪುವಂಥದು. ಆ ದಾರಿ ಕಠಿಣವೂ ಅಲ್ಲ.

ಮೊದಲನೆಯದಾಗಿ ಲಿಖಿತ ಕರಾರು. ಮದರಂಗಿಯ ರಾತ್ರಿ ಸಂಗೀತ ಹತ್ತಕ್ಕೆ ನಿಲ್ಲುತ್ತದೆ, ನಿಂತರೂ ಪೂರ್ತಿ ಹಣ ಸಲ್ಲುತ್ತದೆ, ಅನುಮತಿ ಪಡೆಯುವ ಹೊಣೆ ಮನೆಯವರದು ಎಂಬ ಮೂರು ಸಾಲುಗಳಿದ್ದರೆ ಸಾಕು. ಹೋಬಳಿಯ ಡಿ.ಜೆ. ಹುಡುಗರೆಲ್ಲ ಒಂದೇ ಕರಾರಿಗೆ ಬದ್ಧರಾದರೆ ಸದ್ದಿನ ಪೈಪೋಟಿ ತಾನಾಗಿ ತಗ್ಗುತ್ತದೆ. ಅವರಿಗೆ ಅನುಕೂಲವಾದ ಕಾನೂನೂ ಇದೆ. ಮದುವೆ ಮತ್ತು ಅದಕ್ಕೆ ಸಂಬಂಧಿಸಿದ ಸಮಾರಂಭಗಳಲ್ಲಿ ಹಾಡು ನುಡಿಸಲು ಕೃತಿಸ್ವಾಮ್ಯದ ಪರವಾನಗಿ ಶುಲ್ಕ ಕೊಡಬೇಕಿಲ್ಲವೆಂದು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಸ್ಪಷ್ಟಪಡಿಸಿದೆ. ಹಕ್ಕನ್ನು ಬಲ್ಲವನು ಹೊಣೆಯನ್ನೂ ಹೊರಬಲ್ಲನು.

ಎರಡನೆಯದು ಸ್ಪೀಕರುಗಳನ್ನು ಇಡುವ ಕ್ರಮ. ಗಾಡಿಯ ಮೇಲೆ ಗೋಡೆಯಂತೆ ಪೇರಿಸಿದ ಪೆಟ್ಟಿಗೆಗಳು ಕಣಿವೆಯನ್ನು ತುಂಬುತ್ತವೆ. ಅದೇ ಪೆಟ್ಟಿಗೆಗಳಲ್ಲಿ ನಾಲ್ಕನ್ನು ಕುಣಿಯುವ ಜಾಗದ ನಾಲ್ಕು ಮೂಲೆಗಳಲ್ಲಿ ಒಳಮುಖವಾಗಿಟ್ಟರೆ ಕಡಿಮೆ ಸದ್ದಿನಲ್ಲಿಯೇ ಕುಣಿತ ಕಳೆಗಟ್ಟುತ್ತದೆ. ಬೇಸ್ ಅರ್ಧಕ್ಕಿಳಿದರೆ ಕುಣಿಯುವವರಿಗೆ ನಷ್ಟವಿಲ್ಲ, ಆಚೆ ಬದಿಯವರಿಗೆ ನಿದ್ದೆಯಿದೆ. ದೀಪಗಳು ಅಂಗಳದ ನೆಲಕ್ಕೆ ಮುಖ ಮಾಡಿರಲಿ. ಕೆಲವೇ ರೂಪಾಯಿಗಳ ಕಿವಿ ಬೆಣೆ ಪ್ರತಿ ಡಿ.ಜೆ.ಯ ಕಿಸೆಯಲ್ಲಿರಲಿ.

ಮೂರನೆಯದು ಈ ಕಸುಬಿಗೆ ಹೊಸ ಘನತೆ. ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ನೂರಾರು ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅಂಥ ಹಾಡುಗಾರ್ತಿಯರು ಪ್ರತಿ ಊರಿನಲ್ಲಿಯೂ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಮದುವೆ ಮನೆಯ ಜಗಲಿಯಲ್ಲಿ ಅವರು ಸೋಬಾನೆ ಹಾಡುತ್ತಿರುವಾಗ ಅಂಗಳದ ಸ್ಪೀಕರು ಆ ದನಿಯನ್ನು ಮುಳುಗಿಸುತ್ತದೆ. ಅದೇ ಹುಡುಗ ತನ್ನ ಮೈಕನ್ನು ಆ ಅಜ್ಜಿಯ ಮುಂದಿಟ್ಟು ಅರ್ಧ ತಾಸು ಹಾಡಿಸಿ, ಧ್ವನಿಮುದ್ರಿಸಿ, ಮದುಮಗಳ ಮನೆಗೆ ಒಂದು ಪ್ರತಿ ಕೊಡಬಲ್ಲನು. ಅಂಥ ಸಲಕರಣೆ ಆ ಊರಿನಲ್ಲಿ ಬೇರಾರ ಬಳಿಯೂ ಇಲ್ಲ.

ಇಷ್ಟಾದರೂ ಕೊನೆಯ ಮಾತು ಊರಿನದೇ. ನೆರೆಯವರ ಮದುವೆಯ ಸದ್ದಿಗೆ ಯಾರೂ ಆಕ್ಷೇಪಿಸದಿರುವುದಕ್ಕೆ ಕಾರಣ ನಾಳೆ ತಮ್ಮ ಮನೆಯಲ್ಲೂ ಮದುವೆಯಿದೆ ಎಂಬ ದಾಕ್ಷಿಣ್ಯ. ಮಾರ್ಚ್ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುವ ಹುಡುಗಿ, ಹಾಸಿಗೆ ಹಿಡಿದ ಮುದುಕ, ಎಳೆಗೂಸಿನ ತಾಯಿ ಆ ದಾಕ್ಷಿಣ್ಯದ ಬೆಲೆ ತೆರುತ್ತಾರೆ. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಕೊಟ್ಟು ಪಡೆದು ಬದುಕಿದ ಸೀಮೆಯಿದು. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂಬ ಆ ನಡೆ ದುಡಿಮೆಗೆ ಸಲ್ಲುವುದಾದರೆ ನಿದ್ದೆಗೂ ಸಲ್ಲಬೇಕು. ಒಂದು ಮನೆ ಹತ್ತಕ್ಕೆ ನಿಲ್ಲಿಸಿದರೆ ಮುಂದಿನ ಮನೆ ಆ ಮುಯ್ಯಿಯನ್ನು ತೀರಿಸಲೇಬೇಕಾಗುತ್ತದೆ.

ತುಳಸಿ ಹಬ್ಬ ಕಳೆದು ಲಗ್ನಗಳು ಆರಂಭವಾಗುವ ಮುನ್ನ ಪ್ರತಿ ಊರಿನ ಗ್ರಾಮಸಭೆಯಲ್ಲಿ ಈ ವಿಷಯ ಬರಲಿ. ಆ ಸಭೆಗೆ ಡಿ.ಜೆ. ಹುಡುಗರನ್ನೂ ಕರೆಯಬೇಕು, ಆರೋಪಿಗಳಾಗಿ ಅಲ್ಲ, ಊರಿನ ಕಸುಬುದಾರರಾಗಿ. ತಮ್ಮ ಯಂತ್ರದ ಬಲವನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದು ಅವರಿಗಿಂತ ಚೆನ್ನಾಗಿ ಬಲ್ಲವರು ಇನ್ನಾರೂ ಇಲ್ಲ.