ಔಷಧ ನಿರೋಧಕ ಕ್ಷಯರೋಗದ ಪತ್ತೆ: ಜೀನೋಮ್ ಪರೀಕ್ಷೆಯ ಭರವಸೆ ಮತ್ತು ಮಿತಿ

ಕ್ಷಯರೋಗಾಣುವು ಅತಿ ನಿಧಾನವಾಗಿ ಬೆಳೆಯುವುದರಿಂದ, ಕಲ್ಚರ್ ಪರೀಕ್ಷೆಯ ಮೂಲಕ ಯಾವ ಔಷಧಿ ಫಲಕಾರಿಯೆಂದು ತಿಳಿಯಲು ಹಲವು ವಾರಗಳು ಬೇಕಾಗುತ್ತವೆ. ಅಷ್ಟರವರೆಗೆ ರೋಗಿಯು ಫಲಿಸದ ಮಾತ್ರೆಯನ್ನೇ ಸೇವಿಸುತ್ತಿರಬಹುದು. ರೋಗಾಣುವಿನ ಸುಮಾರು 44 ಲಕ್ಷ ಅಕ್ಷರಗಳ ಜೀನೋಮ್ ಅನ್ನು ಓದಿ ನಿರೋಧಕತೆಯನ್ನು ಮುಂಚಿತವಾಗಿ ಗುರುತಿಸುವ ವಿಧಾನವನ್ನು ಇಂಗ್ಲೆಂಡಿನಲ್ಲಿ 2017ರಿಂದ ದೈನಂದಿನ ಬಳಕೆಗೆ ತರಲಾಗಿದೆ. 2018ರಲ್ಲಿ ಪ್ರಕಟವಾದ, 10,209 ಮಾದರಿಗಳ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ರಿಫಾಂಪಿಸಿನ್ ನಿರೋಧಕತೆಯು ಶೇ. 97.5ರಷ್ಟು ಸರಿಯಾಗಿ ಪತ್ತೆಯಾಯಿತು, ಪೈರಜಿನಮೈಡ್‌ನಲ್ಲಿ ಶೇ. 91.3 ಮಾತ್ರ.

ಬೆಡಾಕ್ವಿಲಿನ್‌ನಂತಹ ಹೊಸ ಔಷಧಿಗಳ ವಿಷಯದಲ್ಲಿ ಈ ಜ್ಞಾನವು ಇನ್ನೂ ಅಪೂರ್ಣ. ವಿಶ್ವ ಆರೋಗ್ಯ ಸಂಸ್ಥೆಯು 2021ರ ತನ್ನ ಮಾರ್ಪಾಡುಗಳ ಪಟ್ಟಿಯನ್ನು 2023ರಲ್ಲೇ ಪರಿಷ್ಕರಿಸಬೇಕಾಯಿತು. ಆದುದರಿಂದ ಕಲ್ಚರ್ ಪರೀಕ್ಷೆಯನ್ನು ಕೈಬಿಡುವಂತಿಲ್ಲ.

ನಮ್ಮ ಸರ್ಕಾರಿ ಕೇಂದ್ರಗಳ ಉಚಿತ ಸಿಬಿನ್ಯಾಟ್ ಪರೀಕ್ಷೆಯು ಮುಖ್ಯವಾಗಿ ರಿಫಾಂಪಿಸಿನ್ ನಿರೋಧಕತೆಯನ್ನು ತಿಳಿಸುತ್ತದೆ. ಹೆಚ್ಚಿನ ಪರೀಕ್ಷೆಗಾಗಿ ಕಫದ ಎರಡನೆಯ ಮಾದರಿಯನ್ನು ಕೇಳಿದಲ್ಲಿ ರೋಗಿಗಳು ತಪ್ಪದೆ ನೀಡತಕ್ಕದ್ದು.