ಬೇಲಿ ಸವರುವ ಮುನ್ನ ಹರಟೆಮಲ್ಲನನ್ನು ನೋಡಿ

ಸಂಪಿಗೆಯ ಸುತ್ತಿನಲ್ಲಾಗಲಿ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯಲ್ಲಾಗಲಿ, ತೆಂಗು ಬೆಳೆಗಾರರಿಗೆ ಹರಟೆಮಲ್ಲ ಹೊಸ ಹಕ್ಕಿಯಲ್ಲ. ಮಣ್ಣು ಬಣ್ಣದ ಆರೋ ಎಂಟೋ ಹಕ್ಕಿಗಳು ತೋಟದ ನೆಲದಲ್ಲಿ ಕುಪ್ಪಳಿಸುತ್ತ, ಒಣ ಎಲೆ ಮಗುಚುತ್ತ, ಜಗಳವಾಡುವಂತೆ ಕಿರುಚುತ್ತಿದ್ದರೆ ಅವು ಇವೇ. ಚೆಲುವಿಲ್ಲದ ಕಾರಣ ಯಾರೂ ಇವನ್ನು ನಿಂತು ನೋಡುವುದಿಲ್ಲ. ರೈತ ಬಂಧುಗಳು ನೋಡಬೇಕೆಂಬುದು ನನ್ನ ಅಭಿಪ್ರಾಯ. ಅದೂ ಬೇಲಿಗೆ ಕುಡುಗೋಲು ಹಾಕುವ ಮೊದಲೇ.

ಮೈಯೆಲ್ಲ ಮಾಸಲು ಕಂದು, ಕೊಕ್ಕು ಹಳದಿ, ಕಣ್ಣು ಬಿಳಿಚಿಕೊಂಡಂತಿದ್ದರೆ ಅದು ಕಾಡು ಹರಟೆಮಲ್ಲ. ನೆತ್ತಿ ಬೆಳ್ಳಗಿದ್ದು ಗಂಟಲ ಬಳಿ ಕಪ್ಪು ಮಚ್ಚೆಗಳಿದ್ದರೆ ಬಿಳಿತಲೆಯ ಹರಟೆಮಲ್ಲ. ದಕ್ಷಿಣ ಭಾರತ, ಶ್ರೀಲಂಕಾ ಬಿಟ್ಟರೆ ಇದು ಬೇರೆಲ್ಲೂ ಇಲ್ಲ. ತೋಟ ದಾಟಿ ಒಣ ಬಯಲಿಗೆ ಹೋದರೆ ಇವೆರಡಕ್ಕಿಂತ ದೊಡ್ಡದಾದ ಬೂದು ಹರಟೆಮಲ್ಲ ಸಿಗುತ್ತದೆ. ಹಾರುವಾಗ ಅದರ ಉದ್ದ ಬಾಲದ ಅಂಚಿನ ಬಿಳಿ ಪುಕ್ಕಗಳು ಎದ್ದು ಕಾಣುತ್ತವೆ.

ಬೆಳಿಗ್ಗೆ ಒಂದು ಗಳಿಗೆ ಮರದ ನೆರಳಿನಲ್ಲಿ ಸುಮ್ಮನೆ ಕುಳಿತರೆ ಸಾಕು (ಕಾಯಿ ಬಲಿತ ಮರದಡಿ ಬೇಡ!). ಉಳಿದವು ಮೇಯುವಾಗ ಒಂದು ಎತ್ತರದಲ್ಲಿ ಕುಳಿತು ಕಾವಲು ಕಾಯುತ್ತದೆ. ಗಿಡುಗ ಕಂಡರೆ ಅದು ಕೂಗುತ್ತದೆ, ಗುಂಪೆಲ್ಲ ಬೇಲಿಯೊಳಕ್ಕೆ ನುಗ್ಗುತ್ತದೆ. ಬಯಲು ದಾಟುವಾಗ ಒಟ್ಟಿಗೆ ಹಾರದೆ ಒಂದರ ಹಿಂದೊಂದು ತೇಲಿ ಹೋಗುತ್ತವೆ. ಗೂಡಿನ ಮರಿಗಳಿಗೆ ತಂದೆತಾಯಿಯಷ್ಟೇ ಅಲ್ಲ, ಗುಂಪಿನ ಇತರ ಹಕ್ಕಿಗಳೂ ಹುಳು ತಂದು ಉಣಿಸುತ್ತವೆ. ಮಳೆಯ ಹಕ್ಕಿಯೆಂದು ನಾವು ಕೊಂಡಾಡುವ ಚಾತಕವೂ ತಾನು ಗೂಡು ಕಟ್ಟದೆ ಇವುಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಎರಡರ ಮೊಟ್ಟೆಯೂ ನೀಲಿಯೇ. ಪಾಪ, ಸಾಕುವ ಕೆಲಸವೆಲ್ಲ ಹರಟೆಮಲ್ಲನದು.

ಈ ಹಕ್ಕಿ ತೆಂಗಿನ ಕಪ್ಪುತಲೆ ಹುಳುವಿಗೆ ಮದ್ದೆಂದು ನಾನು ಹೇಳುವುದಿಲ್ಲ. ಆ ಹುಳು ಇರುವುದು ಮೇಲಿನ ಗರಿಯಲ್ಲಿ, ಇದು ಹೆಚ್ಚಾಗಿ ಮೇಯುವುದು ನೆಲದಲ್ಲಿ. ಕಾಳು, ಹಣ್ಣು ತಿನ್ನುವುದೂ ಉಂಟು. ಆದರೆ ತರಗೆಲೆಯಡಿಯ ಗೆದ್ದಲು, ಜೀರುಂಡೆ, ಹುಳುಗಳೇ ಇದರ ಮುಖ್ಯ ಆಹಾರ. ತೋಟವನ್ನು ಅಂಗಳದಂತೆ ಗುಡಿಸಿ ಎಲೆಗೆ ಬೆಂಕಿಯಿಟ್ಟರೆ ಹಕ್ಕಿಗೆ ಮೇವು ಹೋಯಿತು, ಮಣ್ಣಿಗೆ ಗೊಬ್ಬರವೂ ಹೋಯಿತು. ಜೀವಂತ ಬೇಲಿ ಕಿತ್ತು ಕಲ್ಲುಕಂಬ, ತಂತಿ ಹಾಕಿದರೆ ದನವೇನೋ ಬಾರದು. ಗಿಡುಗ ಬಂದಾಗ ಈ ಗುಂಪು ಎಲ್ಲಿಗೆ ಓಡಬೇಕು?

ತಂತಿ ಬೇಕೇ ಬೇಕೆನ್ನುವವರು ಅದರ ಒಳಬದಿಗೆ ಎರಡು ಮಾರು ಗಿಡಗಂಟಿ ಉಳಿಸಿಕೊಳ್ಳಲಿ. ಬೇಲಿ ಸವರುವಾಗ ನೀಲಿ ಮೊಟ್ಟೆಯ ಗೂಡು ಕಂಡರೆ ಆ ಭಾಗವನ್ನು ಸುಮಾರು ಒಂದು ತಿಂಗಳು ಬಿಟ್ಟುಬಿಡಿ. ಅಷ್ಟರಲ್ಲಿ ಮರಿಗಳು ಗೂಡು ಬಿಟ್ಟಿರುತ್ತವೆ.