ತುಂಬಿದ ಬಂದರಿನಲ್ಲಿ ಒಂದು ರಾತ್ರಿಯ ಜಾಗ

ಮುಂಬಯಿಯ ಕಡಲ ದಂಡೆ ಮತ್ತೊಮ್ಮೆ ಚರ್ಚೆಯ ವಿಷಯವಾಗಿದೆ. ಮುಂಬಯಿ ಬಂದರು ಪ್ರಾಧಿಕಾರವು ಸುಮಾರು 887 ಕೋಟಿ ರೂಪಾಯಿಗಳ ಅಂದಾಜು ವೆಚ್ಚದಲ್ಲಿ, 424 ವಿಹಾರ ನೌಕೆಗಳು ತಂಗಬಲ್ಲ ಮರೀನಾವೊಂದರ ಯೋಜನೆಯನ್ನು ಮುಂದಿಟ್ಟಿದೆ. ಇತ್ತ ಗೇಟ್‌ವೇ ಆಫ್ ಇಂಡಿಯಾದ ಸನಿಹದಲ್ಲಿ, ರೇಡಿಯೋ ಕ್ಲಬ್ಬಿನ ಬಳಿ ಮಹಾರಾಷ್ಟ್ರ ಮೆರಿಟೈಮ್ ಬೋರ್ಡ್ ಕೈಗೊಂಡ ಪ್ರಯಾಣಿಕರ ಜೆಟ್ಟಿಯನ್ನು ಕೊಲಾಬಾದ ನಿವಾಸಿಗಳು ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದರು. 2025ರ ಜುಲೈಯಲ್ಲಿ ಆ ನ್ಯಾಯಾಲಯ ಕೆಲವು ಷರತ್ತುಗಳೊಡನೆ ಯೋಜನೆಗೆ ಸಮ್ಮತಿಯಿತ್ತಿತು. ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮಧ್ಯಪ್ರವೇಶಿಸಲು ನಿರಾಕರಿಸಿತು. ಒಂದು ಯೋಜನೆ ದೋಣಿ ಹತ್ತಿಳಿಯುವವರಿಗೆ, ಇನ್ನೊಂದು ದೋಣಿ ಇರುವವರಿಗೆ. ಎರಡರ ಹಿಂದೆಯೂ ಇರುವ ಪ್ರಶ್ನೆ ಒಂದೇ: ಇಕ್ಕಟ್ಟಾದ ದಂಡೆಯಲ್ಲಿ ಜಾಗ ಯಾರಿಗೆ, ಎಷ್ಟು ಹೊತ್ತಿಗೆ?

ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗುವುದು ರಜೆಯ ದಿನಗಳ ಸಂಜೆ. ಹಗಲಿನಲ್ಲಿ ದೋಣಿ ಚಲಿಸುತ್ತಿರುತ್ತದೆ. ಅದಕ್ಕೆ ನೀರಿದ್ದರೆ ಸಾಕು. ಕತ್ತಲಾದ ಮೇಲೆ ಅದಕ್ಕೆ ಆಸರೆ ಬೇಕು. ಕಾರಾದರೆ ರಸ್ತೆಯ ಬದಿಗೆ ನಿಲ್ಲಿಸಿ ಹೋಗಬಹುದು. ದೋಣಿಯನ್ನು ಹಾಗೆ ಬಿಡಲಾಗದು. ಗಾಳಿ ತಿರುಗುತ್ತದೆ, ಉಬ್ಬರ ಇಳಿಯುತ್ತದೆ, ಲಂಗರು ಜಾರುತ್ತದೆ. ಮುಂಬಯಿಯಲ್ಲಿ ಉಬ್ಬರ ಇಳಿತಗಳ ನಡುವಣ ಅಂತರ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನಾಲ್ಕು ಮೀಟರುಗಳನ್ನೂ ಮೀರುವುದುಂಟು. ನೀರಿನೊಡನೆ ಏರಿಳಿಯುವ ತೇಲುಗಟ್ಟೆಗಳಿಲ್ಲದೆ ಇಂತಹ ಕಡೆ ದೋಣಿಯನ್ನು ರಾತ್ರಿಯಿಡೀ ದಡಕ್ಕೆ ಕಟ್ಟಿಡುವುದು ಕಷ್ಟ. ಆದುದರಿಂದಲೇ ಇಲ್ಲಿನ ವಿಹಾರ ನೌಕೆಗಳು ಗೇಟ್‌ವೇಯ ಎದುರು ನೀರಿನ ನಡುವೆ, ಸಮುದ್ರತಳಕ್ಕೆ ಸರಪಳಿಯಿಂದ ಬಿಗಿದ ತೇಲುಗುಂಡುಗಳಿಗೆ ಕಟ್ಟಿಕೊಂಡು ನಿಂತಿರುತ್ತವೆ. ಒಡೆಯರು ಸಣ್ಣ ದೋಣಿಯೇರಿ ಅವುಗಳನ್ನು ತಲುಪುತ್ತಾರೆ. ಮಳೆಗಾಲದಲ್ಲಿ ಅದೂ ಸಾಧ್ಯವಿಲ್ಲ. ಹೀಗಾಗಿ ವಿಹಾರದ ಆಸೆಯೆಲ್ಲ ದೀಪಾವಳಿಯಿಂದ ಮೇ ತಿಂಗಳವರೆಗಿನ ರಜೆಗಳಲ್ಲಿ, ಅದರಲ್ಲಿಯೂ ಕ್ರಿಸ್ಮಸ್ ಮತ್ತು ಹೊಸ ವರ್ಷದ ನಡುವಣ ವಾರದಲ್ಲಿ, ಒಮ್ಮೆಗೇ ನುಗ್ಗಿ ಬರುತ್ತದೆ.

ಸಿರಿವಂತರ ನೌಕೆಗೆ ಜಾಗ ಸಿಕ್ಕರೇನು, ಬಿಟ್ಟರೇನು, ಸಂಬಳದ ಮೇಲೆ ಬದುಕುವ ನಮಗೇಕೆ ಈ ಚಿಂತೆ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಮಾಂಡವಾಕ್ಕೆ, ಎಲಿಫೆಂಟಾಕ್ಕೆ ಟಿಕೇಟು ಪಡೆದು ಹೋಗುವ ಸಾವಿರಾರು ಕುಟುಂಬಗಳು ಬಳಸುವ ಮೆಟ್ಟಿಲುಗಳ ಬಳಿಗೇ ವಿಹಾರ ನೌಕೆಯೂ ಬಂದು ನಿಲ್ಲುತ್ತದೆ. 2024ರ ಡಿಸೆಂಬರ್ 18ರಂದು ಎಲಿಫೆಂಟಾ ಕಡೆಗೆ ಹೊರಟಿದ್ದ ‘ನೀಲಕಮಲ್’ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡುದನ್ನು ನಾವಾರೂ ಮರೆತಿಲ್ಲ. ಆ ದುರಂತದ ಕಾರಣಗಳು ಬೇರೆ. ಆದರೆ ಈ ನೀರು ಎಷ್ಟು ಜನರಿಗೆ, ಎಷ್ಟು ಬಗೆಯ ಕೆಲಸಗಳಿಗೆ ಬೇಕಾಗಿದೆ ಎಂಬುದನ್ನು ಅದು ನೆನಪಿಸಿತು. ಸಸೂನ್ ಡಾಕಿನ ಮೀನುಗಾರರಿಗೂ ಇದೇ ದಂಡೆ. ಒಬ್ಬರಿಗೆ ಶಾಶ್ವತವಾಗಿ ಬರೆದುಕೊಟ್ಟ ಜಾಗ ಇನ್ನೊಬ್ಬರಿಗೆ ಇಲ್ಲವಾಗುವ ಜಾಗ.

ಈ ಇಕ್ಕಟ್ಟನ್ನು ದಶಕಗಳಿಂದ ಅನುಭವಿಸುತ್ತ ಬಂದಿರುವವರು ಉತ್ತರ ಯುರೋಪಿನ ಕರಾವಳಿಯವರು. ಡೆನ್ಮಾರ್ಕ್, ಸ್ವೀಡನ್, ನೆದರ್‌ಲ್ಯಾಂಡ್ಸ್‌ಗಳಲ್ಲಿ ಸಾಧಾರಣ ವರಮಾನದ ಕುಟುಂಬಗಳೂ ಎಂಟು ಹತ್ತು ಮೀಟರಿನ ಹಾಯಿದೋಣಿಗಳನ್ನು ಇಟ್ಟುಕೊಂಡಿರುತ್ತವೆ. ಅಲ್ಲಿನ ಬೇಸಿಗೆ ಚಿಕ್ಕದು. ಜುಲೈ ಬಂದಿತೆಂದರೆ ಎಲ್ಲರೂ ಮಕ್ಕಳೊಡನೆ ನೀರಿಗಿಳಿಯುತ್ತಾರೆ. ಸಂಜೆಯಾಗುತ್ತಲೇ ಎಲ್ಲರಿಗೂ ಅವೇ ಪುಟ್ಟ ಬಂದರುಗಳು ಬೇಕು. ಆದರೆ ಅಲ್ಲಿನ ಜಾಗಗಳಲ್ಲಿ ಬಹುಪಾಲು ಸ್ಥಳೀಯ ಸದಸ್ಯರಿಗೆ ವರ್ಷದ ಬಾಡಿಗೆಯ ಮೇಲೆ ಕೊಟ್ಟವು. ಹಾಗಾದರೆ ಬಂದ ಅತಿಥಿ ಎಲ್ಲಿಗೆ ಹೋಗಬೇಕು?

ಇದಕ್ಕೆ ಅವರು ಕಂಡುಕೊಂಡ ಉಪಾಯ ಅತ್ಯಂತ ಸರಳವಾದುದು. ಪ್ರತಿಯೊಂದು ಜಾಗದ ಮುಂದೆ ಒಂದು ಪುಟ್ಟ ಫಲಕ. ಒಂದು ಬದಿ ಕೆಂಪು, ಮತ್ತೊಂದು ಬದಿ ಹಸುರು. ಸದಸ್ಯನು ತಾನೇ ರಜೆಗೆ ಹೊರಟಾಗ ಫಲಕವನ್ನು ಹಸುರಿಗೆ ತಿರುಗಿಸುತ್ತಾನೆ. ಎಂದು ಮರಳುವನೆಂಬುದನ್ನೂ ಹಲವೆಡೆ ಬರೆದಿಡುತ್ತಾನೆ. ಹಸುರು ಕಂಡ ಅತಿಥಿ ಯಾರನ್ನೂ ಅಂಗಲಾಚದೆ ಒಳಗೆ ಬಂದು ದೋಣಿ ಕಟ್ಟಿ, ಗೊತ್ತುಪಡಿಸಿದ ಶುಲ್ಕ ಕಟ್ಟಿ, ರಶೀದಿಯ ಚೀಟಿಯನ್ನು ದೋಣಿಯ ಮೇಲೆ ಕಾಣುವಂತೆ ಅಂಟಿಸುತ್ತಾನೆ. ಆ ಹೊತ್ತಿಗೆ ಆ ಸದಸ್ಯನು ಬೇರೊಂದು ಬಂದರಿನಲ್ಲಿ ಇನ್ನಾರದೋ ಹಸುರು ಫಲಕವನ್ನು ಅರಸುತ್ತಿರುತ್ತಾನೆ. ಊರೆಲ್ಲ ರಜೆಯಲ್ಲಿರುವಾಗ ಜಾಗ ತೆರವಾಗುವುದೂ ಆ ರಜೆಯಿಂದಲೇ. ಒಂದಡಿ ಕಾಂಕ್ರೀಟನ್ನೂ ಸುರಿಯದೆ ಬಂದರಿನ ಸಾಮರ್ಥ್ಯ ಹೆಚ್ಚುತ್ತದೆ.

ಬ್ಯಾಂಕಿನಲ್ಲಿ ದುಡಿಯುವ ನಮಗೆ ಈ ಏರ್ಪಾಡು ಚಿರಪರಿಚಿತ. ಒಂದು ಬ್ಯಾಂಕಿನಲ್ಲಿ ದಿನದ ಕೊನೆಗೆ ಹಣ ಮಿಕ್ಕಿರುತ್ತದೆ, ಇನ್ನೊಂದರಲ್ಲಿ ಕೊರತೆ ಬಿದ್ದಿರುತ್ತದೆ. ‘ಕಾಲ್ ಮನಿ’ ಮಾರುಕಟ್ಟೆಯಲ್ಲಿ ಮಿಕ್ಕ ಹಣ ಒಂದೇ ರಾತ್ರಿಯ ಮಟ್ಟಿಗೆ ಕೊರತೆಯವರ ಬಳಿಗೆ ಹೋಗಿ, ಮರುದಿನ ಬಡ್ಡಿಯೊಡನೆ ಹಿಂದಿರುಗುತ್ತದೆ. ಒಡೆತನ ಬದಲಾಗುವುದಿಲ್ಲ, ಸುಮ್ಮನೆ ಬಿದ್ದಿರುವುದು ಮಾತ್ರ ತಪ್ಪುತ್ತದೆ. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೊರಟವರಿಗಂತೂ ಇದನ್ನು ವಿವರಿಸಬೇಕಾಗಿಲ್ಲ. ಕಾದಿರಿಸಿದ ಪ್ರಯಾಣಿಕನು ಬಾರದಿದ್ದರೆ ಅವನ ಬರ್ತು ಆರ್‌ಎಸಿಯವರ ಪಾಲಾಗುತ್ತದೆ.

ಹಸುರು ಫಲಕಗಳೂ ಮುಗಿದಾಗ ಎರಡನೆಯ ಉಪಾಯ. ದಡಕ್ಕೆ ಕಟ್ಟಿದ ದೋಣಿಯ ಮಗ್ಗುಲಿಗೆ ಮತ್ತೊಂದು, ಅದರ ಮಗ್ಗುಲಿಗೆ ಇನ್ನೊಂದು ಹೀಗೆ ನಾಲ್ಕೈದು ದೋಣಿಗಳನ್ನು ಸಾಲಾಗಿ ಕಟ್ಟುವುದು. ನೆದರ್‌ಲ್ಯಾಂಡ್ಸಿನ ಬಂದರುಗಳಲ್ಲಿ ಇದು ನಿತ್ಯದ ನೋಟ. ಇದಕ್ಕೆ ಬರೆಯದ ನಿಯಮಗಳಿವೆ. ಮೊದಲು ಒಳಗಿನವರ ಅನುಮತಿ ಕೇಳಬೇಕು. ಉಜ್ಜಾಟ ತಪ್ಪಿಸಲು ಗಾಳಿ ತುಂಬಿದ ಮೆತ್ತೆಗಳನ್ನು ತಾನೇ ಇಳಿಬಿಡಬೇಕು. ಒಳಗಿನ ದೋಣಿಯ ಮೇಲೆ ಭಾರ ಬೀಳದಂತೆ ತನ್ನದೇ ಹಗ್ಗವನ್ನು ದಡದವರೆಗೆ ಒಯ್ದು ಕಟ್ಟಬೇಕು. ದಡಕ್ಕೆ ಹೋಗುವಾಗ ನೆರೆಯ ದೋಣಿಯ ಮುಂಭಾಗದಿಂದ ದಾಟಬೇಕು. ಏಕೆಂದರೆ ಹಿಂಭಾಗದಲ್ಲಿ ಆ ಮನೆಯವರು ಊಟಕ್ಕೆ ಕುಳಿತಿರುತ್ತಾರೆ. ಬೆಳಗಿನ ಜಾವ ಹೊರಡುವವರು ಹಿಂದಿನ ಸಂಜೆಯೇ ತಿಳಿಸಿ ಹೊರಸಾಲಿನಲ್ಲಿ ನಿಲ್ಲಬೇಕು.

ಈ ಔದಾರ್ಯಕ್ಕೂ ಮಿತಿಯಿದೆ. ಇಂಗ್ಲೆಂಡಿನ ವೈಟ್ ದ್ವೀಪದ ಯಾರ್ಮೌತ್‌ನಂತಹ ಬಂದರು ತುಂಬಿದಾಗ ‘ಬಂದರು ಭರ್ತಿ’ ಎಂಬ ಸೂಚನೆಯನ್ನು ಹೊರಗೇ ತೋರಿಸುತ್ತದೆ. ತಡವಾಗಿ ಬಂದವರು ಬೆಳಕಿರುವಾಗಲೇ ಬೇರೆಡೆಗೆ ತಿರುಗಲೆಂಬುದೇ ಅದರ ಉದ್ದೇಶ.

ಇತರ ದಾರಿಗಳೂ ಇಲ್ಲದಿಲ್ಲ. ಮೆಡಿಟರೇನಿಯನ್ನಿನ ಹೆಸರಾಂತ ಮರೀನಾಗಳು ಬೇಸಿಗೆಯಲ್ಲಿ ಶುಲ್ಕವನ್ನು ಏರಿಸಿ ಜನರನ್ನು ಕಡಿಮೆ ಮಾಡುತ್ತವೆ. ಇತ್ತೀಚಿನ ವರ್ಷಗಳಲ್ಲಿ ಮೊಬೈಲಿನ ಮೂಲಕ ಮುಂಗಡ ಕಾದಿರಿಸುವ ಪದ್ಧತಿಯೂ ಎಲ್ಲೆಡೆ ಹರಡುತ್ತಿದೆ. ಮುಂಗಡದಿಂದ ಅನುಕೂಲವಿದೆ, ನಿಜ. ಆದರೆ ಹಾಯಿದೋಣಿಗೆ ಗಾಳಿಯೇ ಒಡೆಯ. ಕಾದಿರಿಸಿದ ಊರಿಗೇ ತಲುಪಬೇಕೆಂಬ ಹಟ ಕೆಟ್ಟ ಹವೆಯಲ್ಲಿ ಅಪಾಯಕ್ಕೆ ಒಯ್ಯಬಹುದು. ಬಾರದವನಿಗಾಗಿ ಖಾಲಿಯಿಟ್ಟ ಜಾಗದ ಎದುರಿನಿಂದಲೇ ಬಂದವನು ಹಿಂದಿರುಗಬೇಕಾಗಬಹುದು. ಬೆಲೆಯೊಂದನ್ನೇ ನೆಚ್ಚಿದರೆ ಸಣ್ಣ ದೋಣಿಯ ಕುಟುಂಬ ಹೊರಗುಳಿಯುತ್ತದೆ. ಬೆಲೆ, ಮುಂಗಡ, ಹಂಚಿಕೆ ಎಂಬ ಮೂರು ದಾರಿಗಳಲ್ಲಿ ಬಂದರನ್ನು ಎಲ್ಲರದಾಗಿ ಉಳಿಸುವುದು ಮೂರನೆಯದೇ.

ಹಂಚಿಕೆ ನಮ್ಮವರಿಗೆ ಹೊಸತಲ್ಲ. ಜೂನ್, ಜುಲೈಗಳ 61 ದಿನಗಳ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಮಲ್ಪೆಯ ಬಂದರನ್ನು ಕಂಡವರಿಗೆ ಇದು ಗೊತ್ತು. ದಕ್ಕೆಯುದ್ದಕ್ಕೂ ದೋಣಿಗೆ ದೋಣಿ ತಾಗಿ ನಿಂತಿರುತ್ತವೆ. ಹೊರಸಾಲಿನವನು ಹಲವು ದೋಣಿಗಳನ್ನು ದಾಟಿಯೇ ನೆಲ ಮುಟ್ಟಬೇಕು. ಇಕ್ಕಟ್ಟು ಅವರಿಗೆ ಸುಖವಲ್ಲ. ಆದರೂ ನೆರೆಯವನನ್ನು ಹೊರದೂಡದೆ ಹೊಂದಿಕೊಳ್ಳುವ ರೀತಿ ಅವರಿಗೆ ಕರಗತವಾಗಿದೆ. ಮಂಗಳೂರಿನಿಂದ ಹಡಗೇರಿ ಈ ಮಹಾನಗರಕ್ಕೆ ಬಂದ ನಮ್ಮ ಹಿರಿಯರು ಇಲ್ಲಿ ನೆಲೆಯೂರಿದುದೂ, ಊರಿನವರೊಬ್ಬರ ಖೋಲಿಯಲ್ಲಿ ದೊರೆತ ಒಂದು ಚಾಪೆಯ ಜಾಗದಿಂದಲೇ ಅಲ್ಲವೇ?

ಮುಂಬಯಿಯ ಪರಿಸ್ಥಿತಿ ಡೆನ್ಮಾರ್ಕಿನದಲ್ಲ ಎಂಬುದನ್ನು ಒಪ್ಪಬೇಕು. ಬಾಲ್ಟಿಕ್ ಸಮುದ್ರದಲ್ಲಿ ಉಬ್ಬರವಿಳಿತ ಇಲ್ಲವೆಂಬಷ್ಟು ಕಡಿಮೆ. ಮುಂಗಾರಿನ ಅಬ್ಬರವೂ ಅಲ್ಲಿಲ್ಲ. ಇಲ್ಲಿ ತೇಲುಗಟ್ಟೆ, ಅಲೆತಡೆ, ನೌಕಾಪಡೆಯ ಭದ್ರತೆ ಎಲ್ಲವೂ ಬೇಕು. ಆದುದರಿಂದ ಸ್ವಲ್ಪವಾದರೂ ನಿರ್ಮಾಣ ಅನಿವಾರ್ಯ. ನಮ್ಮ ತಕರಾರು ನಿರ್ಮಾಣದ ಬಗೆಗಲ್ಲ, ನಿಯಮವಿಲ್ಲದ ನಿರ್ಮಾಣದ ಬಗೆಗೆ. 424 ಜಾಗಗಳನ್ನೂ ವರ್ಷದ ಬಾಡಿಗೆಗೆ ಕೊಟ್ಟುಬಿಟ್ಟರೆ ಮರೀನಾ ಮೊದಲ ದಿನವೇ ತುಂಬಿದ ಬಂದರಾಗುತ್ತದೆ. ಆಮೇಲೆ ಇನ್ನೊಂದು ಮರೀನಾದ ಬೇಡಿಕೆ ಏಳುತ್ತದೆ.

ಆದುದರಿಂದ ಗುತ್ತಿಗೆಯ ಕಾಗದಕ್ಕೆ ಸಹಿ ಬೀಳುವ ಮುನ್ನವೇ ಕೆಲವು ಮಾತುಗಳು ಅದರಲ್ಲಿ ಸೇರಬೇಕು. ಅತಿಥಿ ದೋಣಿಗಳಿಗೆ ಒಂದು ಪಾಲು ಜಾಗ ಯಾವಾಗಲೂ ಮೀಸಲಿರಲಿ. ಬಾಡಿಗೆದಾರನು ಹೊರಹೋದ ರಾತ್ರಿ ಆ ಜಾಗ ಬಂದರಿನ ಅಧಿಕಾರಿಯ ವಶಕ್ಕೆ ಬರಲಿ. ಆ ರಾತ್ರಿಯ ಶುಲ್ಕದಲ್ಲಿ ಬಾಡಿಗೆದಾರನಿಗೂ ಒಂದಂಶ ಸಲ್ಲಲಿ. ರಜೆಯ ದರಪಟ್ಟಿ ಎಲ್ಲರಿಗೂ ಕಾಣುವಂತಿರಲಿ. ಹವೆ ಕೆಟ್ಟಾಗ ಆಸರೆ ಬೇಡಿ ಬಂದ ದೋಣಿಯನ್ನು, ಅದು ಮೀನುಗಾರನದಾಗಿರಲಿ ಕೋಟ್ಯಧೀಶನದಾಗಿರಲಿ, ಹಿಂದಕ್ಕೆ ಕಳಿಸದಿರಲಿ. ಬಂದರು ತುಂಬಿದ್ದರೆ ಆ ಸುದ್ದಿ ಮಧ್ಯಾಹ್ನವೇ ಹೊರಬೀಳಲಿ. ಇವಾವುದಕ್ಕೂ ಕೋಟಿಗಳ ವೆಚ್ಚವಿಲ್ಲ.

ದಂಡೆ ಸಾರ್ವಜನಿಕರ ಸ್ವತ್ತು. ಅದನ್ನು ಕೊಡುವುದಾದರೆ ಬಳಕೆಗೆ ಕೊಡಬೇಕೇ ಹೊರತು ಬೀಗ ಹಾಕಿಡಲು ಕೊಡಬಾರದು. ಹಸುರು ಫಲಕದ ಹಿಂದಿರುವ ತತ್ತ್ವ ಇಷ್ಟೇ. ಇದು ಮುಂಬಯಿಯ ಮರೀನಾಕ್ಕೆ ಹೇಗೆ ಸಲ್ಲುತ್ತದೆಯೋ, ಮುಂದೊಂದು ದಿನ ನಮ್ಮ ತವರಿನ ಕರಾವಳಿಯಲ್ಲಿ ಇಂತಹದೊಂದು ತಲೆಯೆತ್ತಿದರೆ ಅದಕ್ಕೂ ಹಾಗೆಯೇ ಸಲ್ಲಬೇಕು.